ಬೂದು ಬಣ್ಣದ ನೇಕಾರ್ತಿ

ನಮ್ಮ ಬ್ರಿಗ್‌ರಾಯ್ಡಿನ ಪುರಭವನದ ಕಲ್ಲು ಕಪ್ಪು ಎಂದೇ ನಾನು ಐವತ್ತೆರಡು ವರ್ಷ ನಂಬಿದ್ದೆ. ನಾನೊಬ್ಬಳೇ ಏನಲ್ಲ, ಊರಿಗೆ ಊರೇ ನಂಬಿತ್ತು. ಗಿರಣಿ ಕಪ್ಪು, ಚರ್ಚು ಕಪ್ಪು, ರೈಲು ಸೇತುವೆ ಕಪ್ಪು, ಒಂದಕ್ಕೊಂದು ಅಂಟಿಸಿ ಸಾಲಾಗಿ ಕಟ್ಟಿದ ನಮ್ಮ ಬೀದಿಯ ಮನೆಗಳೂ ಕಪ್ಪು. ದೇವರು ಯಾರ್ಕ್‌ಷೈರಿಗೆ ಕಪ್ಪು ಕಲ್ಲನ್ನೇ ಕೊಟ್ಟಿದ್ದಾನೆ, ಏನು ಮಾಡುವುದು ಎಂದುಕೊಂಡು ಬದುಕಿದವರು ನಾವು. ಹಾಗಾಗಿ 1972ರ ಮಾರ್ಚಿನಲ್ಲಿ ಲೀಡ್ಸಿನಿಂದ ಬಂದ ಕೆಲಸಗಾರರು ಮುಂಬಾಗಿಲ ಪಕ್ಕ ಮರಳು ಊದುವ ಯಂತ್ರ ಹಿಡಿದು ಒಂದು ಟವೆಲಿನಷ್ಟು ಜಾಗ ಉಜ್ಜಿ ತೋರಿಸಿದಾಗ, ಮೆಟ್ಟಿಲ ಮೇಲೆ ಬಕೆಟ್ಟು ಹಿಡಿದಿದ್ದ ನಾನು ನಿಂತಲ್ಲೇ ನಿಂತುಬಿಟ್ಟೆ. ಗಿರಣಿ ಚಿಮಣಿಗಳ ಮಸಿ ಉದುರಿದ ಕಡೆ ಕಲ್ಲು ಹಳದಿ. ಆಗಷ್ಟೇ ಬೆಂದ ಬ್ರೆಡ್ಡಿನ ಮೇಲ್ಮೈ ಇರುತ್ತದಲ್ಲ, ಆ ಬಣ್ಣ.

ಪುರಭವನದ ಮೆಟ್ಟಿಲು ತೊಳೆಯುವುದು ಹದಿನೆಂಟು ವರ್ಷದಿಂದ ನನ್ನ ಕೆಲಸ. ಅಷ್ಟು ವರ್ಷ ಅದರ ಕಾಲಡಿ ಮಂಡಿಯೂರಿ ಉಜ್ಜಿದವಳಿಗೆ ಅದರ ಮೈಬಣ್ಣವೇ ಗೊತ್ತಿರಲಿಲ್ಲ ಎಂದರೆ ನನಗೆ ಅವಮಾನವಾಗದೆ ಇದ್ದೀತೆ? ಎದುರಿನ ಮಾಂಸದಂಗಡಿಯ ಹ್ಯೂಬರ್ಟ್ ಸಗ್ಡೆನ್, ಆಗ ಪುರಸಭೆಯ ಸದಸ್ಯನೂ ಆಗಿದ್ದವನು, ಕೈಯೊರೆಸಿಕೊಳ್ಳುತ್ತ ಬಂದು ನೋಡಿ, "ನಮ್ಮಜ್ಜ ಇದನ್ನ ನೋಡಿದ್ರೆ ಬಣ್ಣ ಬಳಿದಿದಾರೆ ಅಂತ ಬಯ್ತಿದ್ದ," ಅಂದ. ಒಬ್ಬ ಮುದುಕಿಯಂತೂ ಅತ್ತೇಬಿಟ್ಟಳು. ಊರಿಗೆ ಬಟ್ಟೆ ಬಿಚ್ಚಿದ ಹಾಗಾಯಿತು ಎಂದು ಅವಳ ಸಂಕಟ.

ಮುಂಬಾಗಿಲ ಮೇಲೆ ಸಾಲಾಗಿ ನಾಲ್ಕು ಕಲ್ಲಿನ ಹೆಂಗಸರು. ಉಣ್ಣೆ ಹಿಂಜುವವಳು, ನೂಲುವವಳು, ನೇಯುವವಳು, ಬಣ್ಣ ಹಾಕುವವಳು. 1868ರಲ್ಲಿ ಪುರಭವನ ಕಟ್ಟಿದ ಗಿರಣಿ ಯಜಮಾನರು, ತಮಗೆ ದುಡಿದ ಹೆಂಗಸರಿಗೆ ಅಷ್ಟಾದರೂ ಮರ್ಯಾದೆ ಕೊಟ್ಟಿದ್ದರು ಅನ್ನಿ. ಆ ಮೂರನೆಯವಳು, ನೇಕಾರ್ತಿ, ನಮ್ಮ ಮನೆಯವಳು. 1937ರ ಚಳಿಗಾಲದಲ್ಲಿ ಹಿಮ ಕಟ್ಟಿ ಹಳೆಯ ನೇಕಾರ್ತಿ ಕತ್ತಿನಿಂದ ಸೊಂಟದವರೆಗೆ ಸೀಳಿ ಮೆಟ್ಟಿಲ ಮೇಲೆ ಬಿದ್ದಳಂತೆ. ಭಾನುವಾರವಾದ್ದರಿಂದ ಯಾರೂ ಸಾಯಲಿಲ್ಲ. ಮುಂದಿನ ವರ್ಷ ಕಟ್ಟಡಕ್ಕೆ ಎಪ್ಪತ್ತು ತುಂಬುವುದರೊಳಗೆ ಇನ್ನೊಬ್ಬಳನ್ನು ಕೆತ್ತಿ ನಿಲ್ಲಿಸು ಎಂದು ಪುರಸಭೆ ಆ ಕೆಲಸವನ್ನು ನನ್ನ ಅಪ್ಪನಿಗೆ ಕೊಟ್ಟಿತು. ಅಪ್ಪ, ಎನಾಕ್ ಮಿಡ್ಗ್ಲಿ, ಕಲ್ಲುಕುಟಿಗ. ಅವನ ಅಂಗಳದಲ್ಲಿ ಹಳದಿ ಕಲ್ಲು ಕಂಡೇ ಬೆಳೆದರೂ, ಪುರಭವನದ್ದು ಬೇರೆ ಜಾತಿಯ ಕಲ್ಲು ಎಂದುಕೊಂಡಿದ್ದೆ. ಒಂದೇ ಬಂಡೆಯಿಂದ ಹನ್ನೊಂದು ವಾರದಲ್ಲಿ ಕೆತ್ತಿದನೆಂದು ಪ್ರಸಿದ್ಧಿ. ಅವಳನ್ನು ಮೇಲೇರಿಸಿದ ದಿನ, ಉಳಿದ ಮೂವರ ನಡುವೆ ಹೊಸಬಳು ಯಾರೆಂದು ಯಾರಿಗೂ ತಿಳಿಯಲಿಲ್ಲವಂತೆ. ಅಂದಿನಿಂದ ಅವನು ನೇಕಾರ್ತಿ ಎನಾಕ್ ಆದ. ಈಗ ಎಂಬತ್ತೊಂದು ವರ್ಷ. ಪಬ್ಬಿನಲ್ಲಿ ಅಗ್ಗಿಷ್ಟಿಕೆಯ ಪಕ್ಕದ ಕುರ್ಚಿ ಇವತ್ತಿಗೂ ಅವನದೇ, ಬೇರೆ ಯಾರೂ ಕೂರುವುದಿಲ್ಲ.

ಅಮ್ಮನಿಗೆ ಮಾತ್ರ ಆ ಬೊಂಬೆ ಸರಿಬರುತ್ತಿರಲಿಲ್ಲ. ಅಮ್ಮನ ಹೆಸರು ಸೆಲೀನಾ. ಪುರಭವನದ ಮುಂದೆ ಹೋದಾಗಲೆಲ್ಲ ತಲೆಯೆತ್ತಿ, "ಕತ್ತು ಸ್ವಲ್ಪ ಗಿಡ್ಡ ಆಯ್ತು," ಅನ್ನುವಳು. ಗಂಡನ ಕೆಲಸವನ್ನು ಬೀದಿಯಲ್ಲಿ ನಿಂತು ಹಳಿಯುವ ಹೆಂಡತಿ ಯಾರಿಗೆ ತಾನೇ ಇಷ್ಟ? ಒಮ್ಮೆ ಸಗ್ಡೆನ್ ಅಂಗಡಿಯ ಸಾಲಿನಲ್ಲಿ ನಿಂತಾಗ ನನಗೆ ರೇಗಿಹೋಯಿತು. "ನಿಂಗೇನಮ್ಮ ಗೊತ್ತು ಅದ್ರ ವಿಷ್ಯ? ಹಿಟ್ಟಲ್ಲಿ ಮಾಂಸ ಮುಚ್ಚಿ ಪೈ ಬೇಯ್ಸೋದು ಬಿಟ್ರೆ ಹುಟ್ಟಿದಾಗಿಂದ ಏನ್ ಮಾಡಿದೀಯ?" ಎಂದು ಎಲ್ಲರೆದುರು ಕೇಳಿಬಿಟ್ಟೆ. ಸಾಲಿಗೆ ಸಾಲೇ ನಕ್ಕಿತು. ಅಮ್ಮ ತಲೆವಸ್ತ್ರ ಸರಿಮಾಡಿಕೊಂಡು, "ಸರಿ ಕಣೇ," ಅಂದಳು. ಆಮೇಲೆ ಎರಡು ವರ್ಷ ಬದುಕಿದ್ದಳು, ಕತ್ತಿನ ಮಾತು ಮತ್ತೆ ಎತ್ತಲಿಲ್ಲ. ಅವಳು ಸತ್ತದ್ದು 1953ರಲ್ಲಿ.

ಮೇ ತಿಂಗಳ ಹೊತ್ತಿಗೆ ಇಡೀ ಪುರಭವನ ಪರದೆ ಹೊದ್ದು ಒಳಗೊಳಗೇ ಹಳದಿಯಾಗುತ್ತಿತ್ತು. ಕೆಲಸ ಮುಗಿಸಿ ಒಂದು ಶನಿವಾರ ಪರದೆ ಇಳಿಸುವುದು, ಮೇಯರ್ ಬರುವುದು, ಬಾಗಿಲ ಪಕ್ಕ ಅಪ್ಪನ ಹೆಸರಿನ ಹಿತ್ತಾಳೆ ಫಲಕ ಹಾಕುವುದು ಎಂದೆಲ್ಲ ಗೊತ್ತಾಗಿತ್ತು. ಫಲಕ ಸಿದ್ಧವಾಗಿ ಗುಮಾಸ್ತನ ಕೋಣೆಯಲ್ಲಿತ್ತು, ನಾನೇ ದಿನಾ ಒರೆಸುತ್ತಿದ್ದೆ. ಆ ವಾರದ ಮಂಗಳವಾರ ಕೆಲಸಗಾರರ ಮೇಸ್ತ್ರಿ ಲೆನ್ ಬೂತ್ರಾಯ್ಡ್ ಚಹಾದ ಲೋಟ ವಾಪಸು ಕೊಡುವಾಗ ನನ್ನ ಮುಖ ನೋಡಲಿಲ್ಲ. "ಮೇವಿಸ್, ಒಂದ್ನಿಮಿಷ ಅಟ್ಟಣಿಗೆ ಮೇಲೆ ಬರ್ತೀರಾ? ಇದನ್ನ ನೀವು ಮೊದಲು ನೋಡ್ಬೇಕು," ಅಂದ.

ಏಣಿ ಹತ್ತಿ ಹೋದೆ. ಮೂವರು ಹೆಂಗಸರು ಬಂಗಾರದ ಹಾಗೆ ನಿಂತಿದ್ದರು. ನಮ್ಮ ನೇಕಾರ್ತಿ ಬೂದು. ನಮ್ಮ ಹಿತ್ತಲಿನ ಕಕ್ಕಸಿನ ನೆಲದ ಬೂದು. ಪಕ್ಕೆಯುದ್ದಕ್ಕೂ ಮೇಲಿಂದ ಕೆಳಗೆ ಒಂದು ಗೆರೆ, ಎರಡು ಹೋಳು ಕೂಡಿಸಿದ ಗುರುತು. ಮೊಣಕೈ ಹತ್ತಿರ ಬಿರುಕು ಬಿಟ್ಟು ಒಳಗಿನ ಕಬ್ಬಿಣದ ಸರಳು ತುಕ್ಕಿನ ನೀರು ಸುರಿಸಿತ್ತು.

"ಇದು ಕಲ್ಲಲ್ಲ," ಅಂದ ಲೆನ್. "ಅಚ್ಚಿನಲ್ಲಿ ಎರಕ ಹೊಯ್ದಿದ್ದು. ಸಿಮೆಂಟು. ಇದ್ರ ಮೇಲೆ ಉಳಿ ಬಿದ್ದೇ ಇಲ್ಲ."

ನಾನು ಹಲಗೆಯ ಮೇಲೇ ಕೂತುಬಿಟ್ಟೆ. ಮೂವತ್ನಾಲ್ಕು ವರ್ಷ ಊರು ತಲೆಯ ಮೇಲೆ ಹೊತ್ತು ಮೆರೆಸಿದ ನನ್ನಪ್ಪ ಮೋಸಗಾರ ಎಂಬ ಒಂದೇ ಮಾತು ತಲೆಯಲ್ಲಿ ಗಿರಗಿರ ಸುತ್ತಿತು.

ಲೆನ್ ಒಳ್ಳೆಯ ಮನುಷ್ಯ. ದನಿ ತಗ್ಗಿಸಿ, "ನನ್ ಹತ್ರ ಬಣ್ಣದ ನೀರಿದೆ. ಎರಡು ಕೋಟು ಹೊಡೆದ್ರೆ ಕೆಳಗಿಂದ ನೋಡೋರಿಗೆ ಇವಳೂ ಹಳದಿನೇ. ನಾವಿಬ್ರು ಸಾಯೋ ತನಕ ತಡೆಯುತ್ತೆ. ನಿಮ್ಮಪ್ಪನ್ನ ಕೇಳ್ಕೊಂಡ್ ಬನ್ನಿ," ಅಂದ.

ಮನೆಗೆ ಹೋದೆ. ಅಪ್ಪ ವಿನಿಗರ್ ಸುರಿದುಕೊಂಡು ಬೋಟಿ ತಿನ್ನುತ್ತಿದ್ದ. ಕೋಟು ಕೂಡ ಬಿಚ್ಚದೆ ಎದುರಿಗೆ ನಿಂತೆ.

"ನೇಕಾರ್ತಿ ಸಿಮೆಂಟಂತಲ್ಲಪ್ಪ."

ಅಪ್ಪ ಅಗಿಯುವುದನ್ನು ನಿಲ್ಲಿಸಲಿಲ್ಲ. "ಯಾರಂದ್ರು?"

"ನಾನೇ ಹತ್ತಿ ನೋಡ್ಬಂದೆ."

ಆಗ ಚಾಕು ಕೆಳಗಿಟ್ಟ. "ಈ ಊರನ್ನ ಒಂದಿನ ತೊಳೀತಾರೆ ಅಂತ ಯಾರಿಗೆ ಗೊತ್ತಿತ್ತು ಮೇವಿಸ್? ಆಗ ಐವತ್ತು ಚಿಮಣಿ ಹೊಗೆ ಕಾರ್ತಿತ್ತು. ಹುಳಿ ಹಾಲಲ್ಲಿ ಒಲೆ ಮಸಿ ಕಲಸಿ ಬಳಿದ್ವಿ. ಮಿಕ್ಕಿದ್ದು ಚಿಮಣಿಗಳೇ ನೋಡ್ಕೊಳ್ತವೆ ಅಂದ್ಕೊಂಡ್ವಿ."

"ಬಳಿದ್ವಿ, ಅಂದ್ಕೊಂಡ್ವಿ. ಯಾರ್ಯಾರು?"

"ನಾನು, ನಿಮ್ಮಮ್ಮ."

"ಅಮ್ಮಂಗೂ ಗೊತ್ತಿತ್ತಾ ಈ ಮೋಸ?"

"ಗೊತ್ತಿರೋದೇನು," ಅಂದ ಅಪ್ಪ, "ಮಾಡಿದ್ದೇ ಅವ್ಳು."

ಅಪ್ಪ ನಿಧಾನವಾಗಿ, ಹಲ್ಲು ಕೀಳಿಸಿಕೊಳ್ಳುವವನ ಹಾಗೆ ಒಂದೊಂದೇ ಮಾತು ಹೊರಗೆ ಹಾಕಿದ. ಬಂಡೆ ಅಂಗಳಕ್ಕೆ ಬಂದು ಎರಡು ವಾರಕ್ಕೆ ಅವನು ಏಣಿಯಿಂದ ಬಿದ್ದು ಬಲ ಮಣಿಕಟ್ಟು ಮುರಿಯಿತು. ಮೂಳೆ ಸೊಟ್ಟಗೆ ಕೂಡಿತು, ಉಳಿ ಹಿಡಿದರೆ ಕೈ ನಡುಗತೊಡಗಿತು. ಪುರಸಭೆಗೆ ತಿಳಿದರೆ ಕೆಲಸ ಬೇರೆ ಊರಿನವರ ಪಾಲು, ಆಮೇಲೆ ನಡುಗುವ ಕೈಯವನನ್ನು ಯಾರು ಕರೆಯುತ್ತಾರೆ? ಉಳುಕಿದೆ ಅಷ್ಟೆ ಎಂದು ಎಲ್ಲರಿಗೂ ಹೇಳಿದ. ಆಗ ಅಮ್ಮ, ನಂಗೆ ಕಲ್ಲು ಬರಲ್ಲ, ಮಣ್ಣು ಬರುತ್ತೆ, ಅಂದಳಂತೆ. ಮದುವೆಗೆ ಮುಂಚೆ ಅವಳು ಲೀಡ್ಸಿನಲ್ಲಿ ಮಣ್ಣು ಸುಡುವ ಕಾರ್ಖಾನೆಯಲ್ಲಿದ್ದಳೆಂದು ನನಗೂ ಗೊತ್ತಿತ್ತು. ಸಾಮಾನು ಕಟ್ಟುತ್ತಿದ್ದಳೇನೋ ಎಂದುಕೊಂಡಿದ್ದೆ. ಯಾವತ್ತೂ ಕೇಳಿರಲಿಲ್ಲ. ಬ್ಯಾಂಕು, ನಾಟಕಶಾಲೆಗಳ ಮುಖಕ್ಕೆ ಕೂರಿಸುವ ಸಿಂಹ, ಹೂಮಾಲೆ, ದೇವದೂತರ ರೆಕ್ಕೆಗಳನ್ನೆಲ್ಲ ಅವಳು ಅಲ್ಲಿ ಆರು ವರ್ಷ ತಿದ್ದಿದ್ದಳು.

"ಹಿತ್ತಲಲ್ಲಿ ಬಟ್ಟೆ ಒಗೆಯೋ ಕೋಣೆ ಇತ್ತಲ್ಲ, ಅದ್ರಲ್ಲಿ," ಅಂದ ಅಪ್ಪ. "ಹಗಲು ಬೀದಿಯೋರೆಲ್ಲ ಗಿರಣಿಗೆ ಹೋದ್ಮೇಲೆ ಬಾಗಿಲು ಹಾಕ್ಕೊಂಡು ಕೂರ್ತಿದ್ಲು. ಮೊದ್ಲು ಮಣ್ಣು, ಅದ್ರ ಮೇಲೆ ಅಚ್ಚು, ಆಮೇಲೆ ಸಿಮೆಂಟು, ಕಲ್ಲಿನ ಪುಡಿ. ಸಿಮೆಂಟು ಅವ್ಳ ಕೈ ತಿಂದ್ಹಾಕ್ತು. ನಾನೂ ನಮ್ಮಣ್ಣ ಸೇತೂ ಎತ್ತಿ ಕೂರ್ಸಿದ್ವಿ. ಸೇತ್ ಹೋದ. ನಿಮ್ಮಮ್ಮನೂ ಹೋದ್ಲು."

ಆ ವರ್ಷ ನಾನು ಹ್ಯಾರೊಗೇಟಿನ ಹೋಟೆಲಿನಲ್ಲಿ ಕೆಲಸಕ್ಕಿದ್ದೆ. ಕ್ರಿಸ್‌ಮಸ್ಸಿಗೆ ಬಂದಾಗ ಅಮ್ಮನ ಬೆರಳಿಗೆಲ್ಲ ಬಟ್ಟೆ ಸುತ್ತಿತ್ತು. ಬಟ್ಟೆ ಒಗೆಯುವ ಸೋಡಾದಿಂದ ಆಗಿದ್ದು ಅಂದಿದ್ದಳು.

"ಆಮೇಲಾದ್ರೂ ಯಾಕೆ ಹೇಳ್ಲಿಲ್ಲ?"

"ಮೊದಮೊದ್ಲು ಹೆದರಿಕೆ. ಆಮೇಲೆ ಅಭ್ಯಾಸ ಆಗ್ಹೋಯ್ತು. ಜನ ಹೊಗಳಿ ಹೊಗಳಿ ನಾನೇ ಮಾಡಿದೀನೇನೋ ಅನ್ಸೋಕೆ ಶುರುವಾಯ್ತು ಕಣೇ."

ಅವನಿಗೆ ತಟ್ಟೆ ಎತ್ತಿ ಹೊಡೆಯಬೇಕೆನಿಸಿತು, ಸುಳ್ಳು ಯಾಕೆ ಹೇಳಲಿ. ಅಮ್ಮ ಹದಿನೈದು ವರ್ಷ ಆ ಬೀದಿಯಲ್ಲಿ ತನ್ನದೇ ಕೆಲಸದ ಕೆಳಗೆ ಓಡಾಡಿ, ಅದರ ಹೊಗಳಿಕೆಯನ್ನೆಲ್ಲ ಗಂಡನ ಪಾಲಿಗೆ ಕೇಳಿಸಿಕೊಂಡು, ಅದರ ತಪ್ಪನ್ನು ಮಾತ್ರ ತನ್ನ ಪಾಲಿಗೆ ಇಟ್ಟುಕೊಂಡು ಸತ್ತಳು. ಮಗಳು ಬಯ್ದಾಗಲೂ ಬಾಯಿ ಬಿಡಲಿಲ್ಲ.

"ಲೆನ್ ಬಣ್ಣ ಹೊಡೀತೀನಿ ಅಂದಿದಾನೆ," ಅಂದೆ.

ಅಪ್ಪನ ಮುಖ ಅರಳಿತು. "ಹಂಗಾದ್ರೆ ಮುಗೀತಲ್ಲ. ನಾನಿನ್ನು ಎಷ್ಟು ದಿನ ಇರ್ತೀನಿ."

"ಬೇಡ ಅಂತ ಹೇಳೋಕೆ ಹೋಗ್ತಿದೀನಿ. ಶನಿವಾರ ಮೇಯರ್ ಮುಂದೆ ನೀನು ಹೇಳ್ತೀಯೋ, ನಾನು ಹೇಳ್ಲೋ?"

ನಾಲ್ಕು ದಿನ ಅವನು ನನ್ನ ಜೊತೆ ಮಾತಾಡಲಿಲ್ಲ. ಶನಿವಾರ ಬೆಳಿಗ್ಗೆ ಎದ್ದು, ಕ್ಷೌರ ಮಾಡಿಕೊಂಡು, ಅಮ್ಮನ ಶವಸಂಸ್ಕಾರಕ್ಕೆ ಹಾಕಿದ್ದ ಕರಿ ಸೂಟು ತೊಟ್ಟು ಬಾಗಿಲಲ್ಲಿ ನಿಂತ. "ನಡಿ, ನಾನೇ ಹೇಳ್ತೀನಿ," ಅಂದ. ಆ ಕ್ಷಣ ಅವನ ಮೇಲೆ ನನಗಿದ್ದ ಸಿಟ್ಟೆಲ್ಲ ಇಳಿದು ಹೋಯಿತು. ತೋಳು ಹಿಡಿದು ಕರೆದುಕೊಂಡು ಹೋದೆ.

ಊರೆಲ್ಲ ಸೇರಿತ್ತು. ಬ್ಯಾಂಡಿನವರು ಒಂದು ಸುತ್ತು ಬಾರಿಸಿದ ಮೇಲೆ ಪರದೆ ಇಳಿಯಿತು. ಹುಟ್ಟಿದಾಗಿನಿಂದ ಕಂಡ ಕರಿ ಬೆಟ್ಟದ ಜಾಗದಲ್ಲಿ ಬಿಸಿಲು ಹೀರಿಕೊಂಡ ಹಳದಿ ಅರಮನೆ, ಗಡಿಯಾರದ ಗೋಪುರದ ತುದಿಯವರೆಗೆ ಹೂಬಳ್ಳಿ, ಕುರಿಯ ತಲೆ, ಕಮಾನು. ಇಷ್ಟೆಲ್ಲ ನಮ್ಮ ತಲೆಯ ಮೇಲೇ ಇತ್ತೇ ಎಂದು ಜನ ಕಣ್ಣು ಕಣ್ಣು ಬಿಟ್ಟರು. ಆಮೇಲೆ ಒಬ್ಬೊಬ್ಬರದೇ ಕಣ್ಣು ಬಾಗಿಲ ಮೇಲಕ್ಕೆ ಬಂದು ನಿಂತಿತು. ಗುಸುಗುಸು ಶುರುವಾಯಿತು.

ಮೇಯರ್ ಬಾಯಿ ತೆರೆಯುವ ಮುಂಚೆಯೇ ಅಪ್ಪ ಮೆಟ್ಟಿಲು ಹತ್ತಿದ. ಟೋಪಿ ತೆಗೆದು ಕೈಯಲ್ಲಿ ಹಿಡಿದ. "ಮೂರನೇದು ಸಿಮೆಂಟು. ನಾನ್ ಮಾಡಿದ್ದಲ್ಲ. ನನ್ ಕೈ ಮುರಿದಿತ್ತು. ಮಾಡಿದ್ದು ನನ್ ಹೆಂಡ್ತಿ ಸೆಲೀನಾ. ಮೂವತ್ನಾಲ್ಕು ವರ್ಷ ನಾನು ಅವ್ಳ ಹೆಸರು ತಿಂದೆ," ಅಂದ. ದನಿ ಕೊನೆಯ ಸಾಲಿನವರೆಗೂ ಕೇಳಿಸಿತು.

ಸಗ್ಡೆನ್ ಮುಂದಿನ ಸಾಲಿನಲ್ಲಿ ತೋಳು ಕಟ್ಟಿ ನಿಂತಿದ್ದ.

"ಅಂದ್ರೆ ಎನಾಕ್," ಅಂದ, "ಕಲ್ಲಾಗಿದ್ದಾಗ ನಿಂದು, ಸಿಮೆಂಟು ಅಂತ ಗೊತ್ತಾದ್ಮೇಲೆ ಹೆಂಡ್ತೀದಾ?"

ನಕ್ಕರು. ಮೊದಲು ಅವನ ಪಕ್ಕದವರು, ಆಮೇಲೆ ಚೌಕಕ್ಕೆ ಚೌಕವೇ. ನಗುವಿನ ಹಿಂದೆಯೇ ಸಿಟ್ಟು ಬಂತು. ಸತ್ತವಳ ತಲೆಗೆ ಕಟ್ಟೋಕೆ ನಾಚ್ಕೆ ಆಗಲ್ವಾ ಎಂದು ಯಾರೋ ಕೂಗಿದರು. ನಾನು ಮುಂದೆ ಬಂದು, ಅಪ್ಪ ಹೇಳಿದ್ದು ನಿಜ ಅಂದೆ. ಅಮ್ಮನ ಜೊತೆ ಚರ್ಚಿನಲ್ಲಿ ಇಪ್ಪತ್ತು ವರ್ಷ ಪಕ್ಕಪಕ್ಕ ಕೂತಿದ್ದ ಐಡಾ ಕ್ರಾಬ್‌ಟ್ರೀ ನನ್ನ ಕೈ ಹಿಡಿದು, ಕನಿಕರದಿಂದಲೇ, "ಸುಮ್ನಿರು ಪುಟ್ಟಿ. ನಿಮ್ಮಮ್ಮಂಗೆ ಪೈ ಅಂಚು ಮಡಚೋಕೇ ಸರಿಯಾಗಿ ಬರ್ತಿರ್ಲಿಲ್ಲ," ಅಂದಳು.

ಸುಳ್ಳಿಗಾದರೆ ಒಂದಲ್ಲ ಒಂದು ದಿನ ಪೆಟ್ಟು ಬೀಳುತ್ತದೆಂದು ಗೊತ್ತಿತ್ತು, ನಿಜಕ್ಕೂ ಹೀಗೆ ಬೀಳುತ್ತದೆಂದು ನಾನು ಎಣಿಸಿರಲೇ ಇಲ್ಲ. ಅಪ್ಪ ಮೆಟ್ಟಿಲ ಮೇಲೆ ಟೋಪಿ ಹಿಡಿದು ಹಾಗೇ ನಿಂತಿದ್ದ. ಅವನನ್ನು ಅಲ್ಲಿಗೆ ಹತ್ತಿಸಿದವಳು ನಾನು. ಅವನ ಮಾನವೂ ಹೋಯಿತು, ಅಮ್ಮನಿಗೂ ಏನೂ ದಕ್ಕಲಿಲ್ಲ. ಹಿತ್ತಾಳೆ ಫಲಕ ಗುಮಾಸ್ತನ ಕೋಣೆಯಿಂದ ಹೊರಗೆ ಬರಲೇ ಇಲ್ಲ. ನೇಕಾರ್ತಿಯನ್ನು ಸೋಮವಾರವೇ ಇಳಿಸಿ ಕಸದ ಗುಂಡಿಗೆ ಹಾಕಬೇಕೆಂದು ಪುರಸಭೆಯವರು ಅಲ್ಲೇ ನಿಂತು ತೀರ್ಮಾನಿಸಿದರು.

ಮನೆಗೆ ಬಂದ ಅಪ್ಪ ಸೂಟು ಬಿಚ್ಚದೆ ಮಲಗಿದ. ಭಾನುವಾರ ಪಬ್ಬಿಗೆ ಹೋಗಲಿಲ್ಲ. ಊಟಕ್ಕೆ ಕರೆದರೆ, "ನಿಜ ಹೇಳು ಅಂದೆ, ಹೇಳ್ದೆ. ಇನ್ನೇನು ಮಾಡ್ಬೇಕು?" ಎಂದು ಗೋಡೆಗೆ ತಿರುಗಿದ.

ಸೋಮವಾರ ಹತ್ತು ಗಂಟೆಗೆ ಲೆನ್‌ನ ಆಳುಗಳು ನೇಕಾರ್ತಿಯ ಸೊಂಟಕ್ಕೆ ಸರಪಳಿ ಹಾಕಿ ಇಳಿಸಿದರು. ನಾನು ಮೆಟ್ಟಿಲು ಉಜ್ಜುತ್ತ ಬೇಕೆಂದೇ ತಲೆ ಎತ್ತಲಿಲ್ಲ. ಲಾರಿಗೆ ಹಾಕಲು ಅವಳನ್ನು ಬೋರಲು ಮಲಗಿಸಿದರು. ಆಗ ಲೆನ್, "ಮೇವಿಸ್, ಬನ್ನಿ ಇಲ್ಲಿ," ಅಂದ. ದನಿ ಬೇರೆಯಾಗಿತ್ತು.

ಗೋಡೆಗೆ ಆತು ನಿಂತಿದ್ದ ಅವಳ ಬೆನ್ನು ತೆರೆದೇ ಇತ್ತು, ಒಳಗೆ ದೋಣಿಯ ಹಾಗೆ ಟೊಳ್ಳು. ಮಸಿಯೂ ಇಲ್ಲ, ಮರಳೂ ತಾಗಿರಲಿಲ್ಲ. ಹಸಿ ಸಿಮೆಂಟನ್ನು ಅಚ್ಚಿನ ಗೋಡೆಗೆ ಬರಿಗೈಯಲ್ಲಿ ಒತ್ತಿ ಒತ್ತಿ ಕೂರಿಸಿದ ಗುರುತು ಕತ್ತಿನಿಂದ ಪಾದದವರೆಗೆ ಸಾಲುಸಾಲಾಗಿ ಹಾಗೇ ಗಟ್ಟಿಯಾಗಿತ್ತು. ಅಂಗೈ, ಬೆರಳು, ಮತ್ತೆ ಅಂಗೈ. ಅಲ್ಲಲ್ಲಿ ಬೆರಳಿಗೆ ಸುತ್ತಿದ ಬಟ್ಟೆಯ ನೇಯ್ಗೆ ಕೂಡ ಮೂಡಿತ್ತು.

"ಸಣ್ಣ ಕೈ," ಅಂದ ಲೆನ್. "ಇದು ಗಂಡಸಿನ ಕೈಯಲ್ಲ."

ನಾನು ಬ್ರಷ್ಷು ಅಲ್ಲೇ ಬಿಸಾಡಿ ಮನೆಗೆ ಓಡಿ ಅಪ್ಪನನ್ನು ಎಬ್ಬಿಸಿ ಮನೆಚಪ್ಪಲಿಯಲ್ಲೇ ಕರೆತಂದೆ. ಬರುವ ದಾರಿಯಲ್ಲಿ ಸಗ್ಡೆನ್ ಅಂಗಡಿಗೆ ನುಗ್ಗಿ, ಗಿರಾಕಿಗಳೆದುರೇ, "ಬಾ ಇಲ್ಲಿ," ಎಂದು ಅವನ ತೋಳು ಹಿಡಿದು ಎಳೆದೆ. ಏನಾಯಿತೋ ಎಂದು ಗಿರಾಕಿಗಳೂ ಹಿಂದೆ ಬಂದರು, ಐಡಾ ಕೂಡ ಇದ್ದಳು. ಅಪ್ಪ ಬಗ್ಗಿ ತನ್ನ ಸೊಟ್ಟ ಕೈಯನ್ನು ಒಂದು ಗುರುತಿನ ಮೇಲಿಟ್ಟ. ಸಲಿಕೆಯಂಥ ಕೈ, ಎರಡು ಬೆರಳೂ ಕೂರಲಿಲ್ಲ. ಕೈ ತೆಗೆಯದೆ ಅಲ್ಲೇ ಮಂಡಿಯೂರಿ ಮಗುವಿನ ಹಾಗೆ ಅತ್ತ.

"ಈಗ ನೀನಿಡು," ಅಂದೆ ಸಗ್ಡೆನ್‌ಗೆ.

ಅವನು ಅಪ್ರನ್ನಿಗೆ ಕೈ ಒರೆಸಿಕೊಂಡ, ಆದರೆ ಮುಂದೆ ಚಾಚಲಿಲ್ಲ. ಆ ಸಾಲನ್ನು ಕತ್ತಿನಿಂದ ಪಾದದವರೆಗೆ ಎರಡು ಸಲ ನೋಡಿದ. ಮುಖ ಬಿಳಿಚಿಕೊಂಡಿತು. ಐಡಾ ಬಾಯಿಯ ಮೇಲೆ ಕೈ ಇಟ್ಟುಕೊಂಡು, "ಅಯ್ಯೋ ಸೆಲೀನಾ, ನಮ್ಗೊಂದು ಮಾತು ಹೇಳ್ಬಾರ್ದಿತ್ತಾ," ಅಂದಳು.

ಆಮೇಲೆ ನಾನು ಬಗ್ಗಿದೆ. ಎದೆಯ ಹಿಂದೆ, ಹೃದಯ ಇರಬೇಕಾದ ಕಡೆ ಒಂದು ಗುರುತು ಎಲ್ಲಕ್ಕಿಂತ ಆಳವಾಗಿತ್ತು. ಅದರಲ್ಲಿ ಕೈಯಿಟ್ಟೆ. ಹೆಬ್ಬೆರಳು ಹೆಬ್ಬೆರಳಿನ ಜಾಗದಲ್ಲಿ, ಕಿರುಬೆರಳು ಕಿರುಬೆರಳಿನ ಜಾಗದಲ್ಲಿ ಹೋಗಿ ಕೂತಿತು. ಸಿಮೆಂಟು ತಣ್ಣಗಿತ್ತು. ನಾನು ಅಮ್ಮನ ಕೈ ಮುಟ್ಟಿ ಹತ್ತೊಂಬತ್ತು ವರ್ಷವಾಗಿತ್ತು.

ಲಾರಿಯವನು ಎಷ್ಟು ಹೊತ್ತು ಕಾಯಬೇಕೆಂದು ಕೇಳಿದ. ಲೆನ್ ಅವನಿಗೆ ಎಂಜಿನ್ ಆರಿಸಲು ಹೇಳಿದ.